ಅಪಲೇಶಿಯನ್ ಬೆಟ್ಟಕ್ಕೆ, ವಯಾ ಅಟ್ಟೂರು

ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸಿದೆವು. ಹಾಲ್‌ನ ದೊಡ್ಡ ಗೋಡೆಗೆ ಪೇಂಟರ್ ನೀರು ಚಿಮುಕಿಸಿ ಹಳೆಯ ಪದರ ಕೆರೆಯಲು ಶುರು ಮಾಡಿದ್ದೇ ತಡ, ಹುಳಿ ಬಂದ ಮೈದಾ ಗೋಂದಿನ ವಾಸನೆ ಮನೆಯೆಲ್ಲ ತುಂಬಿತು. ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಹಾಗೇ ಕೈ ನಿಲ್ಲಿಸಿದೆ.

"ಮೇಡಂ, ಗೋಡೆಗೆ ಏನ್ ಅಂಟ್ಸಿದ್ರಿ? ಪೇಪರ್ ಕಿತ್ಕೊಂಡ್ ಬರ್ತಾನೇ ಇಲ್ಲ" ಎಂದು ಪೇಂಟರ್ ಕರೆದ. ಹೋಗಿ ನೋಡಿದೆ. ಅಂಗೈಯಗಲದ ಒಂದು ಚೂರು, ಅದರ ಮೇಲೆ ಮಾಸಿದ ನೀಲಿ ಗೆರೆ. "ಅದು ಕೆಂಟಕಿ ಕಣಪ್ಪ" ಎಂದೆ. ಅವನಿಗೆ ಏನು ಅರ್ಥವಾಯಿತೋ, "ಸರಿ ಮೇಡಂ" ಎಂದು ಇನ್ನಷ್ಟು ನೀರು ಹಾಕಿದ.

ಅಮೆರಿಕಕ್ಕೆ ಹೋಗಿದ್ದೂ ಆಯಿತು, ಬೆಟ್ಟ ನೋಡಿದ್ದೂ ಆಯಿತು, ಬಂದು ಎರಡು ವರ್ಷದ ಮೇಲಾಯಿತು. ಯಾರಾದರೂ ಕೇಳಿದರೆ ಕೆಂಪಗಾದ ಎಲೆಗಳ ಫೋಟೋ ತೋರಿಸುತ್ತೇನೆ. ಆದರೆ ಆ ಪ್ರಯಾಣ ಎಂದರೆ ನನ್ನ ಮನಸ್ಸಿಗೆ ಬರುವುದು ಆ ಎಲೆಗಳಲ್ಲ. ಹೊರಡುವುದಕ್ಕೆ ಮುಂಚಿನ ಮಳೆಗಾಲ, ಯಲಹಂಕ ಉಪನಗರದ ಈ ಹಾಲ್, ಈ ಗೋಡೆ. ಆ ಮಳೆಗಾಲದಲ್ಲಿ ನಮ್ಮ ಮನೆಯವರೆಲ್ಲರ ಬಾಯಲ್ಲಿ ಒಂದು ಮಾತು ಬಿಸಿ ತುಪ್ಪದ ಹಾಗೆ ಕೂತಿತ್ತು. ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ನಾನು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಪ್ರತಿ ವರ್ಷ ಉತ್ತರ ಅಮೆರಿಕದ ಪಾಠ ಬಂದಾಗ ಬೋರ್ಡಿನ ಮೇಲೆ ನಕ್ಷೆ ಬರೆದು, ಬಲಗಡೆಗೆ ಕಂದು ಸೀಮೆಸುಣ್ಣದಲ್ಲಿ ಉದ್ದಕ್ಕೆ ಒಂದು ಗೀಟು ಎಳೆಯುತ್ತಿದ್ದೆ. "ಅಪಲೇಶಿಯನ್ ಪರ್ವತಗಳು. ಬಹಳ ಹಳೆಯವು, ಸವೆದು ತಗ್ಗಾಗಿವೆ, ಕಲ್ಲಿದ್ದಲು ಸಿಗುತ್ತದೆ." ಮಕ್ಕಳು ಬರೆದುಕೊಳ್ಳುತ್ತಿದ್ದರು. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ರಿಟೈರಾದ ಮೇಲೆ ಆ ಗೀಟಿನ ಮೇಲೆ ಒಂದು ಸಲ ಕಾಲಿಡಬೇಕು ಎಂಬ ಆಸೆ ಎಲ್ಲಿಂದಲೋ ಹುಟ್ಟಿಕೊಂಡಿತು.

ನನ್ನ ತಂಗಿ ಸುಧಾ ಇಂಡಿಯಾನಾದ ಒಂದು ಸಣ್ಣ ಊರಿನಲ್ಲಿ ಲೈಬ್ರರಿ ಕೆಲಸದಲ್ಲಿದ್ದಾಳೆ. ಮದುವೆ ಮಾಡಿಕೊಂಡಿಲ್ಲ, ಬೇಕು ಅಂತಲೂ ಅನ್ನಿಸಿಲ್ಲ. ಅವಳ ಊರೆಲ್ಲ ಬಯಲು, ಮೆಕ್ಕೆಜೋಳದ ಹೊಲ. ಅಲ್ಲಿಂದ ಪೂರ್ವಕ್ಕೆ ಕಾರಿನಲ್ಲಿ ಹೋದರೆ ಓಹಿಯೋ ನದಿ, ಕೆಂಟಕಿ, ಆಮೇಲೆ ವೆಸ್ಟ್ ವರ್ಜೀನಿಯಾದ ಬೆಟ್ಟಗಳು. "ಎಲೆ ಕೆಂಪಾಗೋ ಹೊತ್ತಿಗೆ ಬನ್ನಿ ಅಕ್ಕ" ಎಂದು ಯುಗಾದಿಯ ದಿನ ಫೋನಿನಲ್ಲಿ ಕರೆದಳು. "ಆದ್ರೆ ಬೆಟ್ಟದ ದಾರೀಲಿ ಓಡ್ಸೋಕೆ ನನ್ ಕೈಲಾಗಲ್ಲ. ನನ್ ಕಾರಿಗೆ ಮನೆ, ಲೈಬ್ರರಿ, ತರಕಾರಿ ಅಂಗಡಿ, ಮೂರೇ ದಾರಿ ಗೊತ್ತಿರೋದು."

ಪಕ್ಕದಲ್ಲೇ ಕೂತಿದ್ದ ನಮ್ಮ ಮನೆಯವರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ಓಡ್ಸೋರು ಯಾರು ಅಂತೀಯಲ್ಲಮ್ಮ, ನಾನಿಲ್ವಾ?"

ಇಲ್ಲ ಎನ್ನುವವರು ಯಾರು? ನಮ್ಮ ರಸ್ತೆಯಲ್ಲಿ ಇವರ ಹೆಸರೇ ಕಾರ್ ವೆಂಕಟೇಶಪ್ಪ. ಈ ಸಾಲಿನಲ್ಲಿ ಮೊದಲು ಕಾರು ಬಂದದ್ದು ನಮ್ಮ ಮನೆಗೆ. ಅಂದಿನಿಂದ ಯಾರ ಮಗಳು ಹೆರಿಗೆಗೆ ಹೋದರೂ, ಯಾರ ಅಪ್ಪನಿಗೆ ಎದೆ ನೋವು ಬಂದರೂ, ಯಾರ ಮದುಮಗಳನ್ನು ಕಲ್ಯಾಣ ಮಂಟಪಕ್ಕೆ ಕರೆದೊಯ್ಯಬೇಕಾದರೂ ಇವರ ಬಾಗಿಲೇ ತಟ್ಟುತ್ತಿದ್ದರು. ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಊಟಕ್ಕೆ ಕೂತವರು, ತಟ್ಟೆ ಬಿಟ್ಟು ಎದ್ದು ಹೋದದ್ದು ಎಷ್ಟು ಸಲವೋ. ಆದರೆ ಸ್ಟಿಯರಿಂಗ್ ಮಾತ್ರ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. "ಪೆನ್ನು, ಕಾರು, ಹೆಂಡ್ತಿ, ಮೂರನ್ನೂ ಯಾರ ಕೈಗೂ ಕೊಡ್ಬಾರ್ದು" ಎನ್ನುವುದು ಇವರ ವೇದವಾಕ್ಯ. ಪೆನ್ನು ಎಷ್ಟು ಕಳೆದುಕೊಂಡಿದ್ದಾರೆ ಎಂದು ನಾನು ಲೆಕ್ಕ ಇಟ್ಟಿಲ್ಲ.

ನನ್ನ ಹತ್ತಿರವೂ ಲೈಸೆನ್ಸ್ ಇದೆ. ನಲವತ್ತು ದಾಟಿದ ಮೇಲೆ ಹಟ ಹಿಡಿದು ಕಲಿತದ್ದು. ಲೈಸೆನ್ಸ್ ಬಂದ ಖುಷಿಗೆ ಒಂದು ಭಾನುವಾರ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. "ಗೇರು, ಗೇರು... ಅಯ್ಯೋ ನೋಡೇ... ಕಣ್ಣು ಎಲ್ಲಿಟ್ಕೊಂಡಿದೀಯ?" ಎಂದು ದಾರಿಯುದ್ದಕ್ಕೂ ಒಂದೇ ಸಮ ಕೂಗಾಟ. ಕೋಗಿಲು ಕ್ರಾಸಿನ ಹತ್ತಿರ ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಇಳಿದು, ಬಸ್ಸು ಹತ್ತಿ ಮನೆಗೆ ಬಂದೆ. ಅಲ್ಲಿಗೆ ನನ್ನ ಡ್ರೈವಿಂಗ್ ಮುಗಿಯಿತು. ಲೈಸೆನ್ಸನ್ನು ಮಾತ್ರ ಕಾಲಕಾಲಕ್ಕೆ ರಿನ್ಯೂ ಮಾಡಿಸುತ್ತಾ ಬಂದೆ. ಯಾಕೆ ಎಂದರೆ ಸಿಟ್ಟಿಗೇ ಇರಬೇಕು.

ಟಿಕೆಟ್ ಆಯಿತು. ವೀಸಾ ಹಿಂದಿನ ವರ್ಷವೇ ಸಿಕ್ಕಿತ್ತು. ಇನ್ನು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಬಾಕಿ, ಅದನ್ನು ಇವರು ಶುರು ಮಾಡಿದರು. ಫೋನಿನಲ್ಲಿ ನಕ್ಷೆ ನೋಡುವುದು ಇವರಿಗೆ ಆಗದು. "ಅಂಗೈಯಲ್ಲಿ ಅಮೆರಿಕ ಹೇಗ್ ಕಾಣುತ್ತೆ?" ಎಂದು, ಇಂಡಿಯಾನಾದಿಂದ ವೆಸ್ಟ್ ವರ್ಜೀನಿಯಾದವರೆಗಿನ ದಾರಿಯನ್ನು ತುಂಡು ತುಂಡಾಗಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದರು. ನಾನು ಮೈದಾ ಗೋಂದು ಕಾಯಿಸಿ ಕೊಟ್ಟೆ. ಎಡಗಡೆಯ ಕಿಟಕಿಯಿಂದ ಬಲಗಡೆಯ ದೇವರ ಮನೆಯ ಬಾಗಿಲವರೆಗೆ ನಾಲ್ಕು ರಾಜ್ಯ ಅಂಟಿಕೊಂಡವು. ಬೆಟ್ಟಗಳು ಸರಿಯಾಗಿ ದೇವರ ಮನೆಯ ಪಕ್ಕಕ್ಕೆ ಬಂದವು.

ಮಾರನೆಯ ದಿನ ಪಕ್ಕದ ಮನೆಯ ಮುನಿರಾಜಣ್ಣ ಪೇಪರ್ ಕೇಳಿಕೊಂಡು ಬಂದರು. ಅಟ್ಟೂರಿನಲ್ಲಿ ಹೊಲ ಗದ್ದೆ ಇದ್ದ ಮನೆತನದವರು, ಈಗ ಆ ಹೊಲವೆಲ್ಲ ಲೇಔಟು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ದನಿ ತಗ್ಗಿಸಿ ಕೇಳಿದರು: "ಸಾ, ಇದ್ಯಾವ ಕಡೆ ಲೇಔಟು? ದೇವನಳ್ಳಿ ಕಡೇನಾ? ಒಳ್ಳೆ ಅಗಲ ರೋಡ್ ಬಿಟ್ಟವ್ರೆ. ನಮ್ ಅಳಿಯಂಗೆ ಒಂದ್ ಕಾರ್ನರ್ ಸೈಟು ಇದ್ರೆ ಯೋಳಿ."

"ಇದು ಅಮೆರಿಕ ಮುನಿರಾಜಣ್ಣ."

"ಅಲ್ಲೂ ಲೇಔಟ್ ಮಾಡ್ತಾವ್ರಾ?" ಎಂದರು ಅವರು, ಬಹಳ ಬೇಸರದಿಂದ.

ಇವರು ಯೋಜನೆ ಹಾಕಿದ ರೀತಿಯೂ ಅದೇ ಮಾದರಿಯದು. ಉತ್ತರ ಬೆಂಗಳೂರಿನಲ್ಲಿ ಅರ್ಧ ಆಯುಷ್ಯ ಕಳೆದವರಿಗೆ ದೂರ ಎನ್ನುವುದು ಕಿಲೋಮೀಟರಿನಲ್ಲಿ ಇರುವುದಿಲ್ಲ. ಮಗಳ ಮನೆ ಯಶವಂತಪುರದಲ್ಲಿದೆ. ಎಷ್ಟು ದೂರ ಎಂದು ಕೇಳಿದರೆ "ಭಾನುವಾರವೋ ಸೋಮವಾರವೋ?" ಎಂದು ಮರುಪ್ರಶ್ನೆ ಹಾಕುತ್ತೇವೆ, ನಡುವೆ ಹೆಬ್ಬಾಳದ ಟ್ರಾಫಿಕ್ಕು ದಾಟಬೇಕಲ್ಲ. "ಯಾವ ಊರಿಗೂ ಒಂದು ಹೆಬ್ಬಾಳ ಇದ್ದೇ ಇರುತ್ತೆ ವನಜಾ" ಎಂದು ಇವರು ನಕ್ಷೆಯಲ್ಲಿ ದೊಡ್ಡದಾಗಿ ಕಂಡ ಊರಿಗೆಲ್ಲ ಕೆಂಪು ಸುತ್ತು ಹಾಕಿದರು. ಇದು ಮೊದಲನೇ ಹೆಬ್ಬಾಳ, ಇದು ಎರಡನೇ ಹೆಬ್ಬಾಳ, ನದಿ ದಾಟುವ ಕಡೆ ದೊಡ್ಡ ಹೆಬ್ಬಾಳ. ಒಂದೊಂದಕ್ಕೂ ಅರ್ಧ ದಿನ ತೆಗೆದಿಟ್ಟರು. ಹಾಗಾಗಿ ಬೆಟ್ಟ ಮುಟ್ಟುವುದಕ್ಕೆ ಒಂದು ವಾರ ಬೇಕಾಯಿತು. ದಾರಿಯಲ್ಲಿ ಅಷ್ಟೂ ರಾತ್ರಿ ಎಲ್ಲೆಲ್ಲಿ ತಂಗುವುದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಚಟ್ನಿಪುಡಿ ಎಷ್ಟು ಒಯ್ಯಬೇಕು ಎಂಬುದೂ ಅದರ ಮೇಲೆಯೇ ತೀರ್ಮಾನವಾಯಿತು. ನಾನು ನಗಲಿಲ್ಲ. ನನಗೂ ಅದು ಸರಿ ಎಂದೇ ಕಂಡಿತ್ತು.

ಆಷಾಢ ಬಂತು. ಆ ವರ್ಷ ಮಳೆ ಹಿಡಿದರೆ ಬಿಡುತ್ತಿರಲಿಲ್ಲ. ಒಂದು ಸಂಜೆ ಇಬ್ಬರೂ ಪಾರ್ಕಿಗೆ ಹೋಗಿ ಬರುತ್ತಿದ್ದೆವು. ಇವರು ಓಹಿಯೋ ನದಿಯ ಸೇತುವೆಯ ಬಗ್ಗೆ ಹೇಳುತ್ತಾ ಮುಂದೆ ಮುಂದೆ ನಡೆಯುತ್ತಿದ್ದರು. ಗೇಟು ತೆಗೆಯುವಾಗ ನೋಡುತ್ತೇನೆ, ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲ.

"ರೀ, ಚಪ್ಪಲಿ ಎಲ್ಲಿ?"

ಇವರು ಕಾಲು ನೋಡಿಕೊಂಡರು. ಆ ಕಾಲಿಗೆಲ್ಲ ಕೆಸರು, ಸಣ್ಣ ಕಲ್ಲೊಂದು ಬೆರಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಎಲ್ಲಿ ಜಾರಿತೋ ಇವರಿಗೆ ತಿಳಿದೇ ಇರಲಿಲ್ಲ. ನಾನು ವಾಪಸು ಹೋಗಿ ನೋಡಿದರೆ ಹಾಲಿನ ಬೂತಿನ ಹತ್ತಿರ, ಅಂದರೆ ನಾಲ್ಕು ಮನೆ ಆಚೆ, ಮಳೆನೀರಿನಲ್ಲಿ ಅನಾಥವಾಗಿ ಬಿದ್ದಿತ್ತು. "ಮೇಷ್ಟ್ರ ಮರೆವು ಅಂತಾರೆ, ಇದು ಟೀಚರ್ ಗಂಡನ ಮರೆವು" ಎಂದು ಇವರೇ ತಮಾಷೆ ಮಾಡಿದರು. ಇಬ್ಬರೂ ನಕ್ಕೆವು. ಇವರಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷವಾಗಿದೆ, ಅದು ಪಾದದ ಸ್ಪರ್ಶವನ್ನೇ ಮೆಲ್ಲಗೆ ತಿನ್ನುತ್ತದೆ ಎಂಬುದು ನನಗೆ ರಾತ್ರಿ ಚಪಾತಿ ಲಟ್ಟಿಸುವಾಗ ನೆನಪಾಯಿತು. ನಗು ಅಲ್ಲಿಗೆ ನಿಂತಿತು.

ಅದಾಗಿ ವಾರ ಕಳೆದಿರಬಹುದು. ನೆಂಟರ ಮನೆಗೆ ಹೋಗಿ ಅಟ್ಟೂರು ಲೇಔಟಿನ ಒಳದಾರಿಯಲ್ಲಿ ಕಾರಿನಲ್ಲಿ ಬರುತ್ತಿದ್ದೆವು. ಮಳೆ ಆಗಷ್ಟೇ ನಿಂತಿತ್ತು. ತಿರುವಿನಲ್ಲಿ ಯೂನಿಫಾರ್ಮ್ ಹಾಕಿದ ಒಂದು ಹುಡುಗಿ ಸೈಕಲ್ಲಿನಲ್ಲಿ ಅಡ್ಡ ಬಂದಳು.

"ರೀ, ಸೈಕಲ್ಲು" ಎಂದೆ.

"ನೋಡ್ದೆ" ಎಂದರು. ನಿಜಕ್ಕೂ ನೋಡಿದ್ದರು. ಕಾರು ಮಾತ್ರ ನಿಲ್ಲಲಿಲ್ಲ. ನಾನು ಕೆಳಗೆ ನೋಡಿದೆ. ಇವರ ಕಾಲು ಬ್ರೇಕಿನ ಅಂಚಿನ ಮೇಲಿತ್ತು, ಒತ್ತಿದ ಹಾಗೆಯೇ ಇತ್ತು, ಆದರೆ ಒತ್ತಿರಲಿಲ್ಲ. ಆಮೇಲೆ ಕಾಲು ಸರಿದು ಬ್ರೇಕು ಸಿಕ್ಕಿ ಕಾರು ಜಗ್ಗಿ ನಿಂತಾಗ ಬಂಪರು ಸೈಕಲ್ಲಿನ ಹಿಂದಿನ ಚಕ್ರಕ್ಕೆ ತಾಗಿಯಾಗಿತ್ತು. ಸೈಕಲ್ಲು ವಾಲಿತು. ಹುಡುಗಿ ಒಂದು ಕಾಲು ಊರಿ ನಿಂತುಕೊಂಡಳು. ಏನೂ ಆಗಲಿಲ್ಲ, ದೇವರು ದೊಡ್ಡವನು. ಅವಳು ನಮ್ಮ ಕಡೆ ತಿರುಗಿ, ತಪ್ಪು ತನ್ನದೇ ಎನ್ನುವಂತೆ "ಸಾರಿ ಅಂಕಲ್" ಎಂದು ಸೈಕಲ್ಲು ಹತ್ತಿ ಹೋದಳು.

ಮನೆಗೆ ಬಂದೆವು. ಗೇಟಿನ ಹತ್ತಿರ ಇವರು, "ಬ್ರೇಕು ಯಾಕೋ ಹಿಡೀತಿಲ್ಲ, ಗ್ಯಾರೇಜಿಗೆ ಬಿಡ್ಬೇಕು" ಎಂದರು. ಬಿಟ್ಟರು ಕೂಡ. ಬ್ರೇಕು ಚೆನ್ನಾಗಿದೆ ಸಾರ್ ಎಂದು ಗ್ಯಾರೇಜಿನವರು ಹೇಳಿದರೂ ಹೊಸದು ಹಾಕಿಸಿಕೊಂಡು ಬಂದರು. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದು ಹೋಯಿತು. ಇವರ ಮುಖ ನೋಡಿ ಸುಮ್ಮನಾದೆ. ಆ ಮುಖದಲ್ಲಿ ಹೆದರಿಕೆ ಇತ್ತು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಅದನ್ನು ನೋಡಿದ್ದು ಕಡಿಮೆ.

ಮಗಳು ಅನುಪಮಾಗೆ ಹೇಳಿದೆ. ಅವಳು ಬೆಚ್ಚಿದಳು. "ಅಮ್ಮ, ಆ ದೇಶದಲ್ಲಿ, ಆ ಸ್ಪೀಡಲ್ಲಿ, ಬೆಟ್ಟದ ದಾರೀಲಿ ಅಪ್ಪ ಓಡ್ಸೋದಾ? ನೀವು ಮೂರು ಜನ ಕಾರಲ್ಲಿ ಕೂತಿರ್ತೀರಿ."

"ಹಾಗಾದ್ರೆ ನೀನೇ ಹೇಳು."

"ನಾನ್ ಹೇಳಲ್ಲಪ್ಪ. ಅಪ್ಪಂಗೆ ಕಾರ್ ಓಡಿಸ್ಬೇಡ ಅನ್ನೋದೂ ಉಸಿರಾಡ್ಬೇಡ ಅನ್ನೋದೂ ಒಂದೇ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕೊನೆಗೆ ಅವಳೇ ಒಂದು ಉಪಾಯ ಹೂಡಿದಳು. ಎಪ್ಪತ್ತು ದಾಟಿದವರಿಗೆ ಅಲ್ಲಿ ಬಾಡಿಗೆ ಕಾರು ಕೊಡುವುದಿಲ್ಲವಂತೆ ಎಂದು ಫೋನಿನಲ್ಲಿ ಹಗುರವಾಗಿ ಹೇಳಿಬಿಟ್ಟಳು. ಇವರು ಬಿಡುವ ಗಿರಾಕಿಯೇ? ಅವತ್ತೇ ಸುಧಾಗೆ ಫೋನು. ಸುಧಾ ಸುಳ್ಳು ಹೇಳುವ ಜಾಯಮಾನದವಳಲ್ಲ, ಅವಳಿಗೆ ನಾವೂ ಏನೂ ಹೇಳಿರಲಿಲ್ಲ. "ಯಾರ್ ಹೇಳಿದ್ದು ಭಾವ? ನಮ್ಮ ಲೈಬ್ರರಿಗೆ ಎಂಬತ್ತು ದಾಟಿದೋರೂ ತಾವೇ ಕಾರ್ ಓಡಿಸ್ಕೊಂಡು ಬರ್ತಾರೆ" ಎಂದಳು. ಅಷ್ಟಕ್ಕೆ ನಿಂತಿದ್ದರೆ ಸಾಕಿತ್ತು. ಇವರ ಒಂದು ವಾರದ ಯೋಜನೆ ಕೇಳಿ ಬಿದ್ದು ಬಿದ್ದು ನಕ್ಕಳು. "ಒಂದು ವಾರ ಯಾಕೆ ಭಾವ? ಬೆಳಿಗ್ಗೆ ತಿಂಡಿ ತಿಂದು ಹೊರಟ್ರೆ ಸಂಜೆ ಒಳಗೆ ಬೆಟ್ಟ. ಇಲ್ಲಿ ಹೆಬ್ಬಾಳ ಇಲ್ಲ."

ಇವರಿಗೆ ರೆಕ್ಕೆ ಬಂತು. ಪೆನ್ಸಿಲಿನ ಗುರುತುಗಳನ್ನೆಲ್ಲ ರಬ್ಬರಿನಲ್ಲಿ ಅಳಿಸಿ, ನೀಲಿ ಸ್ಕೆಚ್ ಪೆನ್ನಿನಲ್ಲಿ ಕಿಟಕಿಯಿಂದ ದೇವರ ಮನೆಯವರೆಗೆ ಒಂದೇ ಗೆರೆ ಎಳೆದರು. ಒಂದೇ ದಿನ, ಒಂದೇ ಓಟ. ಮುನಿರಾಜಣ್ಣನಿಂದ ಹಿಡಿದು ಇಸ್ತ್ರಿಯವನವರೆಗೆ ಎಲ್ಲರಿಗೂ ತೋರಿಸಿದರು. ಒಂದು ವಾರದ ಯೋಜನೆಯಲ್ಲಿ ಕಾಲಿಗೆ ವಿಶ್ರಾಂತಿಯಾದರೂ ಇತ್ತು. ಈಗ ಅದೂ ಇಲ್ಲ. ನಮ್ಮ ಉಪಾಯ ನಮಗೇ ತಿರುಗುಬಾಣವಾಗಿತ್ತು.

ಆ ಭಾನುವಾರ ಅನುಪಮಾ ಊಟಕ್ಕೆ ಬಂದಿದ್ದಳು. ಊಟವಾದ ಮೇಲೆ ಇವರು ಅವಳನ್ನು ಗೋಡೆಯ ಮುಂದೆ ನಿಲ್ಲಿಸಿಕೊಂಡು ನೀಲಿ ಗೆರೆ ವಿವರಿಸತೊಡಗಿದರು.

"ಒಂದೇ ದಿನಕ್ಕೆ ಅಷ್ಟು ದೂರ... ಸುಸ್ತಾಗಲ್ವಾಪ್ಪ?" ಎಂದಳು ಅವಳು, ನನ್ನ ಕಡೆ ನೋಡುತ್ತಾ.

"ಏನ್ ಸುಸ್ತು? ನಿನ್ನ ಮದುವೆ ಮಾತುಕತೆಗೆ ಹೊಸಪೇಟೆಗೆ ಹೋಗಿ ಅವತ್ತೇ ವಾಪಸ್ ಬಂದಿಲ್ವಾ? ಆ ರೋಡು ಬೆಣ್ಣೆ ಇದ್ದಂಗಿದೆಯಂತೆ."

ಹೊರಗೆ ಮಳೆ ಸುರಿಯುತ್ತಿತ್ತು. ನನಗೆ ಆ ಸೈಕಲ್ಲಿನ ಹುಡುಗಿ ಕಾಲು ಊರಿದ್ದು ಕಣ್ಣಿಗೆ ಕಟ್ಟಿತು. ಸುತ್ತಿ ಬಳಸಿ ಹೇಳುವುದು ನನಗೆ ಮೊದಲಿನಿಂದಲೂ ಬರುವುದಿಲ್ಲ. ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕಿ ಅಭ್ಯಾಸ.

"ರೀ, ಅಲ್ಲಿ ನೀವು ಕಾರ್ ಓಡ್ಸೋದು ಬೇಡ" ಎಂದೆ.

"ಯಾಕೆ?"

"ಅಟ್ಟೂರಿನ ಹುಡುಗಿ."

"ಅವತ್ತು ಮಳೆ ಇತ್ತು."

"ಮಳೆ ನಿಂತಿತ್ತು. ಬ್ರೇಕೂ ಸರಿಯಾಗಿತ್ತು. ನಿಮ್ಮ ಕಾಲಿಗೆ ಗೊತ್ತಾಗ್ಲಿಲ್ಲ. ಚಪ್ಪಲಿ ಬಿದ್ದದ್ದೂ ಗೊತ್ತಾಗ್ಲಿಲ್ಲ. ಆ ಮಗು ಅವತ್ತು ಉಳೀತು, ಅದು ಅವಳ ಪುಣ್ಯ, ನಮ್ಮ ಪುಣ್ಯ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವರು ಕೂಗಾಡಿದ್ದರೆ ನನಗೆ ಹಿತವಾಗುತ್ತಿತ್ತು. ಕೂಗಲಿಲ್ಲ. ಕೈಯಲ್ಲಿದ್ದ ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿ ಟಿವಿಯ ಮೇಲಿಟ್ಟು, ಕೊಡೆ ತೆಗೆದುಕೊಂಡು ಹೊರಗೆ ಹೋದರು. ಅನುಪಮಾ ಅತ್ತಳು. ನಾನು ಪಾತ್ರೆ ತೊಳೆದೆ.

ಅಂದಿನಿಂದ ನಮ್ಮ ಮನೆಯಲ್ಲಿ ಮೌನ. ಅನ್ನ ಬೇಕು, ಸಾರು ಸಾಕು, ಗ್ಯಾಸ್ ಬಂತು, ಅಷ್ಟೇ ಮಾತು. ಇವರು ಕಾರಿಗೆ ಕವರು ಹಾಕಿ, ಗಾಳಿಗೆ ಹಾರದ ಹಾಗೆ ಹಗ್ಗ ಕಟ್ಟಿದರು. ತರಕಾರಿಗೆ ಚೀಲ ಹಿಡಿದು ನಡೆದು ಹೋಗತೊಡಗಿದರು. ಗೋಡೆಯ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅದರ ಮುಂದೆಯೇ ಕೂತು ಪೇಪರ್ ಓದುತ್ತಿದ್ದರು, ಪೇಪರನ್ನು ಸ್ವಲ್ಪ ಎತ್ತರಕ್ಕೆ ಹಿಡಿದು.

ಒಂದು ದಿನ ಮುನಿರಾಜಣ್ಣ ಬಾಗಿಲಲ್ಲಿ ನಿಂತು, "ಸಾ, ನಮ್ಮೋಳಿಗೆ ಉಸಾರಿಲ್ಲ, ಎಬ್ಬಾಳದ ಆಸ್ಪತ್ರೆಗೆ ವೋಗ್ಬೇಕಿತ್ತು. ಗಾಡಿ ತಗೀತೀರಾ?" ಎಂದರು.

ನಾನು ಅಡುಗೆಮನೆಯಲ್ಲಿ ಕಿವಿಗೊಟ್ಟು ನಿಂತೆ.

"ಗಾಡಿ ಕೆಟ್ಟಿದೆ ಮುನಿರಾಜಣ್ಣ. ಆಟೋ ಕರ್ಕೊಂಡ್ ಬರ್ತೀನಿ ಇರಿ" ಎಂದು ಇವರು ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಕೊಂಡದ್ದನ್ನು ಬಗ್ಗಿ ನೋಡಿ ಖಚಿತ ಮಾಡಿಕೊಂಡು, ಮಳೆಯಲ್ಲೇ ಹೋದರು. ಯಾರಿಗೂ ಇಲ್ಲ ಎನ್ನದ ಮನುಷ್ಯ. ನನಗೆ ಅಳು ಬಂತು, ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ, ಸಕ್ಕರೆಯ ಮೇಲೆ ಎನ್ನಬೇಕು.

ಸುಧಾಗೆ ಎಲ್ಲ ತಿಳಿಯಿತು. "ಬೆಟ್ಟ ಬೇಡ ಬಿಡು ಅಕ್ಕ. ಇಲ್ಲೇ ಮನೇಲಿ ಆರಾಮಾಗಿ ಇದ್ದು ಹೋಗಿ. ಭಾವಂಗೆ ನೋವು ಮಾಡಿ ಯಾವ ಬೆಟ್ಟ ನೋಡೋದು?" ಎಂದಳು. ಅವಳು ಹೇಳಿದ್ದು ಸರಿಯೇ. ಆದರೆ ಬೆಟ್ಟ ಬಿಟ್ಟರೆ ಈ ಮೌನವೇ ಗಟ್ಟಿ ಎಂದು ನನಗೆ ಅನ್ನಿಸಿತು. ಕಾರೂ ಹೋಯಿತು, ದಾರಿಯೂ ಹೋಯಿತು, ಇವರು ಆ ಪೇಪರಿನ ಹಿಂದೆಯೇ ಮುದುಕರಾಗಿಬಿಡುತ್ತಾರೆ.

"ನಾನು ಓಡಿಸ್ತೀನಿ" ಎಂದೆ.

ಆ ಕಡೆಯಿಂದ "ಅಕ್ಕ, ಕೋಗಿಲು ಕ್ರಾಸ್ ನೆನಪಿದ್ಯಾ?" ಎಂದಳು.

"ಚೆನ್ನಾಗಿ ನೆನಪಿದೆ" ಎಂದೆ.

ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಕಲಿಸುತ್ತಿದ್ದವಳು ನನ್ನ ಮಗಳ ವಯಸ್ಸಿನ ಹೆಂಗಸು. "ಆಂಟಿ, ಹೆದರ್ಕೋಬೇಡಿ, ಹಿಂದಿರೋನು 'ಹಾರ್ನ್' ಹೊಡೀತಾ ಇರ್ತಾನೆ, ಅದು ಅವನ ಕೆಲಸ" ಎಂಬುದೇ ಅವಳು ಹೇಳಿಕೊಟ್ಟ ಮೊದಲ ಪಾಠ. ಇಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಒಳರಸ್ತೆಗಳಲ್ಲಿ ಶುರು ಮಾಡಿ, ವಿದ್ಯಾರಣ್ಯಪುರದ ಬಸ್ಸುಗಳ ನಡುವೆ ನುಸುಳಿ, ಕೊನೆಗೆ ಒಂದು ಬೆಳಿಗ್ಗೆ ಜಡಿಮಳೆಯಲ್ಲಿ ಹೆಬ್ಬಾಳದ ಫ್ಲೈಓವರ್ ಹತ್ತಿದೆ. ಮೇಲೆ ಹೋಗುವಷ್ಟರಲ್ಲಿ ಟ್ರಾಫಿಕ್ಕೆಲ್ಲ ನಿಂತುಬಿಟ್ಟಿತು. ಎಡಗಡೆ ಕೆರೆ ಬೂದುಬಣ್ಣಕ್ಕೆ ತಿರುಗಿತ್ತು. ಇಳಿಜಾರಿನಲ್ಲಿ ಇಂಚು ಇಂಚು ಕಾರು ಬಿಡುತ್ತಿರುವಾಗ, ಕಾಲಡಿಯ ಬ್ರೇಕು ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಎಂದು ಪಾದಕ್ಕೆ ತಾನೇ ತಿಳಿಯುತ್ತಿತ್ತು. ಅದನ್ನು ನಾನು ಮೊದಲ ಸಲ ಗಮನಿಸಿದೆ. ಇವರಿಗೆ ತಪ್ಪಿಹೋದದ್ದು ಇದು. ನನ್ನ ಕಾಲಿಗೆ ಇಷ್ಟು ಸುಲಭವಾಗಿ ತಿಳಿಯುವುದು ಇವರ ಕಾಲಿಗೆ ತಿಳಿಯದೆ ಹೋದಾಗ ಇವರಿಗೆ ಎಷ್ಟು ಭಯವಾಗಿರಬೇಕು ಎಂದು ಆ ಟ್ರಾಫಿಕ್ಕಿನ ನಡುವೆ ಯೋಚಿಸಿದೆ.

ಮನೆಯಲ್ಲಿ ಏನೂ ಹೇಳಲಿಲ್ಲ. ಹೇಳದಿದ್ದರೆ ಇವರಿಗೆ ಗೊತ್ತಾಗುವುದಿಲ್ಲವೇ? ದಿನಾ ಬೆಳಿಗ್ಗೆ ಶೂ ಹಾಕಿಕೊಂಡು ಹೋಗುವ ಹೆಂಗಸು ಹೂವು ತರುವುದಕ್ಕೆ ಹೋಗುತ್ತಿಲ್ಲ ಎಂದು ಯಾರಿಗಾದರೂ ತಿಳಿಯುತ್ತದೆ. ಸಾಲದ್ದಕ್ಕೆ ಮುನಿರಾಜಣ್ಣ ಒಂದು ದಿನ ಕಾಂಪೌಂಡಿನ ಆಚೆಯಿಂದ, "ಅಮ್ಮಾವ್ರು ಇವತ್ತು ಬಸ್ಸನ್ನೇ ಇಂದಕ್ಕಾಕ್ಬುಟ್ರು ಸಾ, ನಾನೇ ನೋಡ್ದೆ" ಎಂದು ವರದಿ ಒಪ್ಪಿಸಿದರು. ಇವರು "ಹೂಂ" ಎಂದರಂತೆ.

ಶ್ರಾವಣದ ಕೊನೆಯಲ್ಲಿ ಒಂದು ಬೆಳಿಗ್ಗೆ ಇವರೇ, "ಕಾಲು ತೋರಿಸ್ಕೊಂಡು ಬರ್ತೀನಿ" ಎಂದು ಬಸ್ಸಿಗೆ ಹೋದರು. ನಾನೂ ಬರುತ್ತೇನೆ ಎಂದರೆ ಬೇಡ ಎಂದರು. ಮಧ್ಯಾಹ್ನ ಬಂದು ಕೈಕಾಲು ತೊಳೆದು, ಊಟಕ್ಕೆ ಕೂತು, ಮೊಸರನ್ನದ ಹೊತ್ತಿಗೆ ಹೇಳಿದರು: "ಕಣ್ಣು ಮುಚ್ಚಿಸಿ ಪಾದಕ್ಕೆ ಹತ್ತಿ ಮುಟ್ಟಿಸಿದ್ರು. ಮುಟ್ಟಿದಾಗ ಹೇಳಿ ಅಂದ್ರು. ನಾನು ಕಾಯ್ತಾನೇ ಇದ್ದೆ. ಆಮೇಲೆ ಗೊತ್ತಾಯ್ತು, ಆಗ್ಲೇ ಮುಟ್ಟಿ ಮುಗಿಸಿದ್ರಂತೆ."

ನಾನು ಇನ್ನೊಂದು ಸೌಟು ಮೊಸರು ಹಾಕಿದೆ.

ಗೌರಿ ಗಣೇಶ ಮುಗಿಯಿತು. ಹೊರಡುವ ದಿನ ಹತ್ತಿರ ಬಂತು. ಬೆಟ್ಟಕ್ಕೆ ಹೋಗುವುದೋ ಬಿಡುವುದೋ ಇನ್ನೂ ಯಾರೂ ಬಾಯಿ ಬಿಟ್ಟಿರಲಿಲ್ಲ. ಒಂದು ಸಂಜೆ ದೇವಸ್ಥಾನಕ್ಕೆ ಹೋಗಿ ಬಂದು ಬಾಗಿಲು ತೆಗೆದರೆ, ಹಾಲ್‌ನ ನಡುವೆ ಊಟದ ಮೇಜಿನ ಎರಡು ಕುರ್ಚಿಗಳು ಗೋಡೆಯ ಕಡೆ ಮುಖ ಮಾಡಿ ಅಕ್ಕಪಕ್ಕ ಕೂತಿವೆ. ಎಡಗಡೆಯ ಕುರ್ಚಿಯ ಮೇಲೆ ನಮ್ಮ ಅಗಲವಾದ ಊಟದ ತಟ್ಟೆ. ಅದರ ಮುಂದೆ ನೆಲದ ಮೇಲೆ ಎರಡು ಮಣೆ, ಒಂದು ಅಗಲದ್ದು, ಒಂದು ಸಣ್ಣದು. ಇವರು ಪಕ್ಕದಲ್ಲಿ ನಿಂತಿದ್ದರು. ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡಿದ್ದರು.

"ಕೂತ್ಕೊ" ಎಂದರು.

ಕಲಿತ ಅಭ್ಯಾಸ. ನಾನು ಸೀದಾ ಹೋಗಿ ಬಲಗಡೆಯ ಕುರ್ಚಿಯಲ್ಲಿ ಕೂರಲು ಹೋದೆ.

"ಅದು ನನ್ನ ಜಾಗ" ಎಂದರು.

ಇಷ್ಟೆಲ್ಲ ಆದ ಮೇಲೂ ಅದೇ ಹಟವೇ ಎಂದು ಮೈಯೆಲ್ಲ ಉರಿಯಿತು. ತಿರುಗಿ ಏನೋ ಹೇಳಬೇಕು ಎನ್ನುವಷ್ಟರಲ್ಲಿ ಇವರು ತಟ್ಟೆ ಎತ್ತಿ ನನ್ನ ಕೈಗೆ ಕೊಟ್ಟರು.

"ಅಲ್ಲಿ ಸ್ಟಿಯರಿಂಗ್ ಎಡಗಡೆ ಇರುತ್ತೆ ವನಜಾ. ಡ್ರೈವರ್ ಆ ಕಡೆ ಕೂತ್ಕೋಬೇಕು. ಕ್ಲಚ್ ಇರಲ್ಲ. ಅಗಲದ ಮಣೆ ಬ್ರೇಕು, ಸಣ್ಣದು ಆಕ್ಸಿಲರೇಟರ್. ಎರಡಕ್ಕೂ ಬಲಗಾಲೇ. ಇಲ್ಲಿ ಕಲ್ತಿದ್ದೆಲ್ಲ ಅಲ್ಲಿ ತಿರುವುಮುರುವು, ಈಗ್ಲೇ ಅಭ್ಯಾಸ ಮಾಡ್ಕೋ."

ನಾನು ಎಡಗಡೆ ಕೂತೆ. ಇವರು ಬಲಗಡೆಯ ಕುರ್ಚಿಗೆ ಬಂದು ನಿಧಾನವಾಗಿ ಕೂತರು. ಕೈಗಳನ್ನು ಎಲ್ಲಿಡಬೇಕು ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಆಮೇಲೆ ಮಂಡಿಯ ಮೇಲಿಟ್ಟುಕೊಂಡರು.

"ಮದುವೆಯಾದಾಗಿನಿಂದ ನಾನು ಬಲಗಡೆ, ನೀನು ಎಡಗಡೆ" ಎಂದರು. "ಅಲ್ಲೂ ಹಾಗೇ ಕೂತ್ಕೋಬಹುದು ನೋಡು. ನಾನು ಜಾಗ ಬಿಟ್ಟು ಏಳಬೇಕಾಗಿಲ್ಲ."

ನಾನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, "ಕೂಗಾಡಿದ್ರೆ ಇಳಿದು ಹೋಗ್ತೀನಿ, ಅಲ್ಲಿ ಬಸ್ಸೂ ಇಲ್ಲ" ಎಂದೆ.

"ಕೂಗಲ್ಲ. ಸುಧಾ ಮನೆ ಗೇಟಿಂದ ಹೊರಟಿದೀವಿ. ಕನ್ನಡಿ ನೋಡ್ಕೋ. ಬಲಗಡೆ ಹಿಡ್ಕೊಂಡೇ ಹೋಗ್ಬೇಕು."

ಸಣ್ಣ ಮಣೆಯ ಮೇಲೆ ಕಾಲಿಟ್ಟೆ. ಇವರು ಗೋಡೆಯ ಮೇಲಿನ ನೀಲಿ ಗೆರೆಯನ್ನೇ ನೋಡುತ್ತಾ ದಾರಿ ಹೇಳತೊಡಗಿದರು. ಎಡಗಡೆ ಜೋಳದ ಹೊಲ, ಬಲಗಡೆ ಚರ್ಚು, ಇನ್ನು ಸ್ವಲ್ಪ ದೂರಕ್ಕೆ ದೊಡ್ಡ ರಸ್ತೆ. ನೋಡದ ಊರನ್ನು ಕಣ್ಣಿಗೆ ಕಟ್ಟುವ ಹಾಗೆ ಹೇಳಿದರು. ನಾನು ತಟ್ಟೆ ತಿರುಗಿಸಿದೆ.

"ಮುಂದೆ ಸಿಗ್ನಲ್. ಕೆಂಪು" ಎಂದರು.

ನಾನು ಅಗಲದ ಮಣೆಯನ್ನು ಒತ್ತಿದೆ. ಪಕ್ಕಕ್ಕೆ ನೋಡಿದೆ. ಇವರ ಬಲಗಾಲು ಬರಿಯ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು, ಬೆರಳುಗಳು ಬಿಳಿಚಿಕೊಂಡಿದ್ದವು. ಇವರು ಆ ಕಾಲನ್ನೇ ನೋಡುತ್ತಿದ್ದರು.

"ನಿಂತಿತಾ?" ಎಂದು ಕೇಳಿದರು.

"ನಿಂತಿತು ಕಣ್ರೀ" ಎಂದೆ.